ನಿನ್ನೆ ಕೈಗೆಟುಕದ್ದು ಇವತ್ತು ಎಟುಕುತ್ತದೆ: ಪುಟ್ಟ ಮಕ್ಕಳಿಗೆ ಮನೆಯಲ್ಲಿ ಆಗುವ ಗಾಯಗಳನ್ನು ಮೊದಲೇ ತಡೆಯುವುದು ಹೇಗೆ

ನನ್ನ ಮಗಳಿಗೆ ಆಗ ಹತ್ತು ತಿಂಗಳು. ಅಂಬೆಗಾಲಿಡುತ್ತಿದ್ದಳು, ಇನ್ನೂ ಎದ್ದು ನಿಂತಿರಲಿಲ್ಲ. ಹಾಗಾಗಿ ಟೀಪಾಯಿ ಮೇಲೆ ಇಟ್ಟದ್ದು ಅವಳಿಗೆ ಸಿಗುವುದಿಲ್ಲ ಅಂತ ನಮ್ಮ ಲೆಕ್ಕ. ಒಂದು ಸಂಜೆ ಬಿಸಿ ಕಾಫಿಯ ಲೋಟವನ್ನು ಅದರ ಮೇಲಿಟ್ಟು, ಯಾರೋ ಬಾಗಿಲು ಬಡಿದರು ಅಂತ ಎದ್ದೆ. ನಾಲ್ಕು ಹೆಜ್ಜೆ ಹಾಕಿ ತಿರುಗಿ ನೋಡಿದರೆ ಅವಳು ಟೀಪಾಯಿಯ ಅಂಚು ಹಿಡಿದು ನಿಂತಿದ್ದಾಳೆ. ಮೊದಲ ಸಲ. ಮೊಣಕಾಲು ನಡುಗುತ್ತಿವೆ, ಮುಖದ ತುಂಬಾ ನಗು. ಇನ್ನೊಂದು ಕೈಯಲ್ಲಿ ಟೀಪಾಯಿಗೆ ಹೊದಿಸಿದ ಬಟ್ಟೆಯ ತುದಿ. ಲೋಟ ಆಗಲೇ ಒಂದು ಗೇಣು ಅವಳ ಕಡೆಗೆ ಜರುಗಿತ್ತು.

ಓಡಿ ಹೋಗಿ ಹಿಡಿದೆ. ಆದರೂ ಸ್ವಲ್ಪ ಕಾಫಿ ಅವಳ ಮುಂಗೈ ಮೇಲೆ ಚೆಲ್ಲಿತು. ನಲ್ಲಿ ನೀರಿನ ಕೆಳಗೆ ಆ ಪುಟ್ಟ ಕೈ ಹಿಡಿದು ನಿಂತ ಇಪ್ಪತ್ತು ನಿಮಿಷ ನನಗೆ ಇನ್ನೂ ನೆನಪಿದೆ. ಕಲೆ ಉಳಿಯಲಿಲ್ಲ. ಆದರೆ ಒಂದು ವಿಷಯ ಅವತ್ತು ಅರ್ಥವಾಯಿತು. ‘ಮಗುವಿಗೆ ಇದು ಸಿಗಲ್ಲ’ ಅಂತ ನಾವು ಹಾಕಿದ ಲೆಕ್ಕ ನಿನ್ನೆಯ ಮಗುವಿನದು. ಮಗು ಬೆಳೆದಿತ್ತು, ನಮ್ಮ ಲೆಕ್ಕ ಬೆಳೆದಿರಲಿಲ್ಲ.

ಮಗುವಿಗೆ ಪೆಟ್ಟಾದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು ಎರಡು. ಒಂದು, ‘ಬಲು ತುಂಟ, ಹೇಳಿದ್ದು ಕೇಳಲ್ಲ’. ಇನ್ನೊಂದು, ‘ಅಮ್ಮ ಎಲ್ಲಿ ಹೋಗಿದ್ದಳು?’. ಎರಡರಿಂದಲೂ ಏನೂ ತಿಳಿಯುವುದಿಲ್ಲ. ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ 1970ರ ಹೊತ್ತಿಗೆ ಗಾಯಗಳನ್ನು ನೋಡುವ ಬೇರೆ ದಾರಿ ತೋರಿಸಿದರು. ರೋಗ ಬಂದಾಗ ರೋಗಿ, ರೋಗಾಣು, ಪರಿಸರ ಅಂತ ನೋಡುತ್ತೇವಲ್ಲ, ಗಾಯವನ್ನೂ ಹಾಗೇ ನೋಡಿ ಅಂದರು. ಗಾಯಕ್ಕೂ ಮೂರು ಬೇಕು: ಮಗು, ಪೆಟ್ಟು ಕೊಡುವ ವಸ್ತು, ಅವೆರಡನ್ನೂ ಹತ್ತಿರ ತಂದ ಜಾಗ ಮತ್ತು ಸಮಯ. ಮೂರರಲ್ಲಿ ಒಂದನ್ನು ತೆಗೆದರೂ ಗಾಯ ಆಗುವುದಿಲ್ಲ. ಮಗುವಿನ ಸ್ವಭಾವ ಬದಲಿಸಲು ಆಗಲ್ಲ, ಬದಲಿಸಬಾರದು ಕೂಡ. ಉಳಿದೆರಡು ನಮ್ಮ ಕೈಯಲ್ಲಿವೆ.

ಮೊದಲ ಹೆಜ್ಜೆ: ಮುಂದಿನ ತಿಂಗಳ ಮಗುವನ್ನು ಊಹಿಸಿಕೊಳ್ಳಿ

ಎಲ್ಲ ಅಪಾಯಗಳಿಗಿಂತ ಮುಖ್ಯವಾದದ್ದು ವಯಸ್ಸು. ಮನೆಯೊಳಗಿನ ಗಾಯಗಳು ಜಾಸ್ತಿ ಆಗುವುದು ಒಂದರಿಂದ ಮೂರು ವರ್ಷದ ನಡುವೆ. ಕಾಲಿಗೆ ಬಲ ಬಂದಿರುತ್ತದೆ, ಆದರೆ ‘ಇದು ಸುಡುತ್ತದೆ’ ಅನ್ನುವುದು ತಲೆಯಲ್ಲಿ ನಿಲ್ಲುವಷ್ಟು ಬುದ್ಧಿ ಇನ್ನೂ ಬಂದಿರುವುದಿಲ್ಲ. ನಿನ್ನೆ ‘ಮುಟ್ಟಬೇಡ’ ಅಂದಿದ್ದು ಇವತ್ತಿಗೆ ನೆನಪಿರಲಿ ಅಂತ ಎರಡು ವರ್ಷದ ಮಗುವಿನಿಂದ ಬಯಸುವುದು ತಪ್ಪು.

ಸುಮಾರು ನಾಲ್ಕು ತಿಂಗಳಿಗೆ ಮಗು ಮಗುಚಿಕೊಳ್ಳುತ್ತದೆ. ಅಂದರೆ ಮಂಚದಿಂದ ಬೀಳುವ ಅಪಾಯ ಮೂರನೇ ತಿಂಗಳಿಗೇ ಶುರು, ಏಕೆಂದರೆ ಮೊದಲ ಸಲ ಮಗುಚುವಾಗ ಅದು ಯಾರಿಗೂ ಹೇಳಿ ಮಗುಚುವುದಿಲ್ಲ. ಆರು ತಿಂಗಳಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಎಂಟು ಒಂಬತ್ತು ತಿಂಗಳಿಗೆ ಅಂಬೆಗಾಲು, ಜೊತೆಗೆ ಹೆಬ್ಬೆರಳು ತೋರುಬೆರಳಲ್ಲಿ ಸಣ್ಣ ಚೂರನ್ನೂ ಹೆಕ್ಕುವ ಜಾಣತನ. ವರ್ಷದ ಹೊತ್ತಿಗೆ ಹೆಜ್ಜೆ. ಒಂದೂವರೆ ವರ್ಷಕ್ಕೆ ಹತ್ತುವುದು: ಕುರ್ಚಿ, ಕುರ್ಚಿಯಿಂದ ಮೇಜು, ಮೇಜಿನಿಂದ ಕಿಟಕಿ. ಎಲ್ಲ ಮಕ್ಕಳೂ ಇದೇ ಲೆಕ್ಕಕ್ಕೆ ಬೆಳೆಯುವುದಿಲ್ಲ. ನಿಮ್ಮ ಮಗು ಈಗ ಏನು ಮಾಡುತ್ತಿದೆ ನೋಡಿ, ಮುಂದಿನದಕ್ಕೆ ಈಗಲೇ ತಯಾರಾಗಿ.

ಗಂಡುಮಕ್ಕಳಿಗೆ ಹೆಣ್ಣುಮಕ್ಕಳಿಗಿಂತ ಪೆಟ್ಟು ಸ್ವಲ್ಪ ಜಾಸ್ತಿ ಆಗುತ್ತದೆ ಅನ್ನುವುದು ಬಹಳ ದೇಶಗಳಲ್ಲಿ ಕಂಡುಬಂದಿದೆ. ಒಮ್ಮೆ ಗಾಯವಾದ ಮಗುವಿಗೆ ಮತ್ತೆ ಗಾಯವಾಗುವ ಸಾಧ್ಯತೆಯೂ ಹೆಚ್ಚು. ಮಗು ಕೆಟ್ಟದು ಅಂತಲ್ಲ. ಮೊದಲ ಗಾಯಕ್ಕೆ ಕಾರಣವಾದ ಮನೆ ಹಾಗೇ ಇರುತ್ತದೆ, ಅಷ್ಟೇ.

ಎರಡನೇ ಹೆಜ್ಜೆ: ನೆಲದ ಮೇಲೆ ಕೂತು ಮನೆ ನೋಡಿ

ಇದನ್ನು ಓದಿ ಬಿಡಬೇಡಿ, ನಿಜವಾಗಿಯೂ ಮಾಡಿ. ಅರ್ಧ ಗಂಟೆ ಸಾಕು. ಒಂದೊಂದೇ ಕೋಣೆಗೆ ಹೋಗಿ, ಮಂಡಿಯೂರಿ, ಮಗುವಿನ ಕಣ್ಣಿನ ಎತ್ತರದಿಂದ ಸುತ್ತ ನೋಡಿ. ನಾನು ಮೊದಲ ಸಲ ಹೀಗೆ ಕೂತಾಗ ಸೋಫಾದ ಕೆಳಗೆ ಒಂದು ಗುಳಿಗೆ ಸಿಕ್ಕಿತು. ಯಾರದೋ ಕೈಯಿಂದ ಯಾವಾಗಲೋ ಉರುಳಿದ್ದು. ಗುಲಾಬಿ ಬಣ್ಣದ್ದು, ಥೇಟ್ ಮಿಠಾಯಿಯ ಹಾಗೆ. ನಿಂತವರಿಗೆ ಅದು ಯಾವತ್ತೂ ಕಾಣುತ್ತಿರಲಿಲ್ಲ.

ಕೆಳಗಿನಿಂದ ನೋಡಿದರೆ ಜೋತು ಬಿದ್ದದ್ದೆಲ್ಲ ‘ಬಾ, ಎಳಿ’ ಅಂತ ಕರೆಯುತ್ತದೆ. ಇಸ್ತ್ರಿ ಪೆಟ್ಟಿಗೆಯ ವೈರು, ಕೆಟಲ್‌ನ ವೈರು, ಮೇಜಿನ ಬಟ್ಟೆ, ಬಾಣಲೆಯ ಹಿಡಿ. ಮಗುವಿಗೆ ಅದರ ಇನ್ನೊಂದು ತುದಿಯಲ್ಲಿ ಏನಿದೆ ಅಂತ ಕಾಣುವುದಿಲ್ಲ. ಅದಕ್ಕೇ ಎಳೆಯುತ್ತದೆ. ನಮ್ಮ ಮನೆಯ ಟೀಪಾಯಿ ಬಟ್ಟೆಯನ್ನು ಕಾಫಿ ಚೆಲ್ಲಿದ ರಾತ್ರಿಯೇ ಮಡಚಿ ಒಳಗಿಟ್ಟೆವು.

ಮೂರನೇ ಹೆಜ್ಜೆ: ಮನೆಯ ಕಷ್ಟದ ಹೊತ್ತನ್ನು ಗುರುತಿಸಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ವಸ್ತುಗಳನ್ನು ಎತ್ತಿಡುತ್ತಾರೆ, ಹೊತ್ತನ್ನು ನೋಡುವುದಿಲ್ಲ. ಪ್ರತಿ ಮನೆಗೂ ಒಂದು ಕಷ್ಟದ ಹೊತ್ತು ಇರುತ್ತದೆ. ಅಡುಗೆ ಒಲೆ ಮೇಲಿದೆ, ದೊಡ್ಡ ಮಗುವಿಗೆ ಹೋಮ್‌ವರ್ಕ್, ಚಿಕ್ಕದಕ್ಕೆ ಹಸಿವು ಮತ್ತು ನಿದ್ದೆ, ಫೋನ್ ಬೇರೆ ಹೊಡೆದುಕೊಳ್ಳುತ್ತಿದೆ. ದಣಿದ ಮಗು ಎಡವುತ್ತದೆ. ದಣಿದ ದೊಡ್ಡವರ ಗಮನ ಜಾರುತ್ತದೆ.

ಮನೆಯವರ ನಿದ್ದೆಗೇಡು, ಕಾಯಿಲೆ, ಹೆರಿಗೆಯ ನಂತರದ ಖಿನ್ನತೆ, ಒಬ್ಬರೇ ಎರಡು ಮೂರು ಮಕ್ಕಳನ್ನು ನೋಡುವ ಪರಿಸ್ಥಿತಿ, ಇಕ್ಕಟ್ಟಿನ ಮನೆ, ದುಡ್ಡಿನ ತಾಪತ್ರಯ ಇವೆಲ್ಲ ನಿಜವಾದ ಅಪಾಯದ ಕಾರಣಗಳು. ಒಂದೇ ಕೋಣೆಯಲ್ಲಿ ಅಡುಗೆ, ಮಲಗುವುದು, ಆಟ ಎಲ್ಲ ನಡೆಯುವಾಗ ‘ಒಲೆಯಿಂದ ದೂರ ಇಡಿ’ ಅನ್ನುವುದು ಹೇಳಲು ಸುಲಭ. ಇಂಥ ಮನೆಯ ತಾಯಿಗೆ ಬುದ್ಧಿವಾದ ಬೇಡ, ಒಂದು ಗಂಟೆ ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಜೊತೆ ಕೈ ಬೇಕು. ಪಕ್ಕದಲ್ಲಿ ಅಂಥವರಿದ್ದರೆ ನೀವೇ ಆ ಕೈ ಆಗಿ.

ಮಾಮೂಲಿ ದಿನಚರಿ ತಪ್ಪಿದ ದಿನಗಳೂ ಹಾಗೇ. ಮನೆ ಬದಲಿಸುವಾಗ, ರಿಪೇರಿ ನಡೆಯುವಾಗ, ತುಂಬಾ ಜನ ಸೇರಿದಾಗ. ಹತ್ತು ಜನ ಇದ್ದಲ್ಲಿ ‘ಯಾರಾದರೂ ನೋಡ್ತಿರ್ತಾರೆ’ ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ, ಅಲ್ವಾ? ನಾವು ಈಗ ಬಾಯಿಬಿಟ್ಟು ಹೇಳುತ್ತೇವೆ: ‘ಈಗ ಮಗು ನಿನ್ನ ಜವಾಬ್ದಾರಿ.’ ಎದುರಿನವರು ‘ಹ್ಞೂಂ’ ಅನ್ನುವವರೆಗೆ ಅದು ನನ್ನದೇ ಜವಾಬ್ದಾರಿ. ಆರೇಳು ವರ್ಷದ ಅಣ್ಣ ಅಕ್ಕನಿಗೆ ಈ ಕೆಲಸ ವಹಿಸಬೇಡಿ. ಅವರೂ ಮಕ್ಕಳೇ.

ನಾಲ್ಕನೇ ಹೆಜ್ಜೆ: ಬಿಸಿ

ಪುಟ್ಟ ಮಕ್ಕಳ ಚರ್ಮ ನಮ್ಮದಕ್ಕಿಂತ ತೆಳು. ನಮಗೆ ‘ಚುರ್’ ಅನ್ನುವ ಬಿಸಿ ಅವರಿಗೆ ಆಳವಾದ ಗಾಯ. 60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. 49 ಡಿಗ್ರಿಯಲ್ಲಿ ಅಷ್ಟೇ ಸುಡಲು ಹಲವು ನಿಮಿಷ ಬೇಕು. ಮಗುವನ್ನು ಎಳೆದುಕೊಳ್ಳಲು ಸಮಯ ಸಿಗುತ್ತದೆ. ಆದ್ದರಿಂದ ಸ್ನಾನದ ಮನೆಯ ನಲ್ಲಿಗೆ ಬರುವ ಬಿಸಿನೀರು 49 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಿ. ಬಕೆಟ್‌ಗೆ ಯಾವತ್ತೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಹದವನ್ನು ಮೊಣಕೈಯಿಂದ ನೋಡಿ, ಕೆಲಸ ಮಾಡಿ ಒರಟಾದ ಅಂಗೈಗೆ ಸರಿಯಾಗಿ ಗೊತ್ತಾಗುವುದಿಲ್ಲ.

ಲೋಟಕ್ಕೆ ಬಗ್ಗಿಸಿ ಹದಿನೈದು ನಿಮಿಷ ಕಳೆದ ಕಾಫಿ, ಟೀ ಕೂಡ ಮಗುವಿನ ಚರ್ಮ ಸುಡಬಲ್ಲದು. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಬಿಸಿ ಕುಡಿಯಬೇಡಿ. ಕೈ ಬೀಸಲು ಅದಕ್ಕೆ ಕಾರಣವೇ ಬೇಕಿಲ್ಲ. ಒಲೆ ಮೇಲಿನ ಪಾತ್ರೆಯ ಹಿಡಿ ಗೋಡೆ ಕಡೆಗೆ ತಿರುಗಿರಲಿ, ಹಿಂದಿನ ಬರ್ನರ್ ಇದ್ದರೆ ಅದನ್ನೇ ಬಳಸಿ. ಕುದಿಯುವ ಪಾತ್ರೆಯನ್ನು ನೆಲಕ್ಕಿಳಿಸಿ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಹಿಂದೆ ಹಿಂದೆ ನಡೆದ ಮಗು ಅದರಲ್ಲಿ ಕೂತುಬಿಡಬಹುದು. ಆರಿಸಿಟ್ಟ ಇಸ್ತ್ರಿ ಪೆಟ್ಟಿಗೆಯೂ ತಣ್ಣಗಾಗುವವರೆಗೆ ಎತ್ತರದಲ್ಲೇ ಇರಲಿ, ವೈರು ಸುತ್ತಿ.

ಅಡುಗೆ ಮಾಡುವಾಗ ಮಗು ಇರಲು ಒಂದು ಜಾಗ ಮಾಡಿ. ಬಾಗಿಲಿಗೆ ಅಡ್ಡ ಗೇಟು ಹಾಕಬಹುದು, ಇಲ್ಲವೇ ನಿಮಗೆ ಕಾಣುವ ಮೂಲೆಯಲ್ಲಿ ಎತ್ತರದ ಕುರ್ಚಿಗೆ ಬೆಲ್ಟ್ ಹಾಕಿ ಕೂರಿಸಬಹುದು.

ಐದನೇ ಹೆಜ್ಜೆ: ನೀರು

ಮಗು ಮುಳುಗುವಾಗ ಕಿರುಚುವುದಿಲ್ಲ. ‘ಸದ್ದು ಕೇಳಿದರೆ ಓಡಿ ಹೋಗ್ತೀನಿ’ ಅನ್ನುವ ನಂಬಿಕೆ ಇಲ್ಲಿ ಕೆಲಸ ಮಾಡುವುದಿಲ್ಲ. ಪುಟ್ಟ ಮಕ್ಕಳ ತಲೆ ಮೈಗೆ ಹೋಲಿಸಿದರೆ ಭಾರ. ಬಕೆಟ್‌ಗೆ ಬಗ್ಗಿ ನೋಡುವಾಗ ತಲೆ ಮುಂದಾಗಿ ಒಳಗೆ ಬೀಳುತ್ತದೆ. ಕೈಯೂರಿ ಮೇಲೇಳುವಷ್ಟು ತೋಳಿನ ಬಲ ಇರುವುದಿಲ್ಲ. ಮೂಗು ಬಾಯಿ ಮುಚ್ಚುವಷ್ಟು ನೀರು ಇದ್ದರೆ ಸಾಕು, ನಾಲ್ಕೈದು ಸೆಂಟಿಮೀಟರ್.

ಬಳಸಿದ ಕೂಡಲೇ ಬಕೆಟ್, ಟಬ್ ಖಾಲಿ ಮಾಡಿ ಬೋರಲು ಹಾಕಿ. ನೀರು ಹಿಡಿದಿಡಲೇಬೇಕಾದ ಮನೆಯಲ್ಲಿ ಗಟ್ಟಿ ಮುಚ್ಚಳ ಇರುವ ಡ್ರಮ್ ಬೇಕು. ಸ್ನಾನದ ಮನೆಯ ಬಾಗಿಲಿಗೆ ಹೊರಗಿನಿಂದ ಎತ್ತರದಲ್ಲಿ ಚಿಲಕ ಹಾಕಿಸಿ. ಸಂಪ್, ತೊಟ್ಟಿಯ ಮುಚ್ಚಳಕ್ಕೆ ಬೀಗ. ಸ್ನಾನ ಮಾಡಿಸುವಾಗ ಟವೆಲ್ ಮರೆತಿದ್ದರೆ ಮಗುವನ್ನು ಎತ್ತಿಕೊಂಡೇ ಹೋಗಿ ತನ್ನಿ. ಟಬ್ಬಿನಲ್ಲಿ ಕೂರಿಸುವ ಪ್ಲಾಸ್ಟಿಕ್ ಸೀಟು ಮಗುಚಿಕೊಳ್ಳಬಲ್ಲದು, ಅದನ್ನು ನಂಬಿ ಅತ್ತ ಇತ್ತ ಹೋಗಬೇಡಿ.

ಆರನೇ ಹೆಜ್ಜೆ: ಬಾಯಿಗೆ ಹೋಗುವುದು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಮನೆಗಳಲ್ಲಿ ಇನ್ನೂ ಸರಿಯಾಗಿ ಗೊತ್ತಿಲ್ಲದ ಅಪಾಯ ಇಲ್ಲಿದೆ. ಬಟನ್ ಸೆಲ್, ಅಂದರೆ ಅಂಗಿಯ ಗುಂಡಿಯಂಥ ಪುಟ್ಟ ಬ್ಯಾಟರಿ. ರಿಮೋಟ್, ತೂಕದ ಯಂತ್ರ, ಹಾಡುವ ಗೊಂಬೆ, ಕಾರಿನ ಕೀಲಿ, ಮಿನುಗುವ ಚಪ್ಪಲಿಯಲ್ಲಿ ಇರುತ್ತದೆ. ಅದರಲ್ಲೂ 20 ಮಿಲಿಮೀಟರ್ ಅಗಲದ, ನಾಣ್ಯದಂಥ ಲಿಥಿಯಂ ಸೆಲ್ ಮಗುವಿನ ಅನ್ನನಾಳದಲ್ಲಿ ಸರಿಯಾಗಿ ಸಿಕ್ಕಿಕೊಳ್ಳುವ ಅಳತೆಯದು. ಅಲ್ಲಿನ ತೇವದಿಂದ ವಿದ್ಯುತ್ ಹರಿಯಲು ಶುರುವಾಗುತ್ತದೆ, ಸೆಲ್ಲಿನ ಅಂಚಿನಲ್ಲಿ ಪ್ರಬಲ ಕ್ಷಾರ ಹುಟ್ಟುತ್ತದೆ, ಅದು ಅನ್ನನಾಳವನ್ನು ಸುಡುತ್ತದೆ. ಎರಡು ಗಂಟೆಯೊಳಗೆ ಗಂಭೀರ ಗಾಯ ಆಗಬಹುದು. ಸೆಲ್ ಸೋರಿರಬೇಕು ಅಂತೇನೂ ಇಲ್ಲ. ರಿಮೋಟ್ ಓಡಿಸಲಾಗದ ‘ಸತ್ತ’ ಸೆಲ್ಲಿನಲ್ಲೂ ಇಷ್ಟು ಮಾಡುವ ಶಕ್ತಿ ಉಳಿದಿರುತ್ತದೆ.

ಮಗುವಿಗೆ ಮೊದಲಲ್ಲಿ ಜೊಲ್ಲು, ಕೆಮ್ಮು, ಊಟ ಬೇಡ ಅನ್ನುವುದು ಇಷ್ಟೇ ಕಾಣಬಹುದು. ಏನೂ ಕಾಣದೆಯೂ ಇರಬಹುದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ತಕ್ಷಣ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಿ. ಮಲದಲ್ಲಿ ಬರುತ್ತದೇನೋ ಅಂತ ಕಾಯಬೇಡಿ. ವಾಂತಿ ಮಾಡಿಸಬೇಡಿ. ಒಂದು ವರ್ಷ ದಾಟಿದ ಮಗುವಾಗಿದ್ದು, ನುಂಗಿ ಹನ್ನೆರಡು ಗಂಟೆ ಆಗಿಲ್ಲದಿದ್ದರೆ, ನುಂಗಲು ಆಗುತ್ತಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ ಆರು ಸಲ. ಸುಡುವುದು ಸ್ವಲ್ಪ ನಿಧಾನವಾಗುತ್ತದೆ. ಜೇನು ಹುಡುಕುತ್ತಾ ಹೊರಡುವುದನ್ನು ತಡ ಮಾಡಬೇಡಿ. ಸೆಲ್ ಇರುವ ಆಟಿಕೆ ಕೊಳ್ಳುವಾಗ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ತೆಗೆದ ಸೆಲ್ಲನ್ನು ಸುಮ್ನೆ ಮೇಜಿನ ಮೇಲಿಡದೆ ಎರಡೂ ಬದಿಗೆ ಟೇಪ್ ಸುತ್ತಿ ಎತ್ತರದಲ್ಲಿಡಿ. ಬಲವಾಗಿ ಸೆಳೆಯುವ ಪುಟ್ಟ ಆಯಸ್ಕಾಂತಗಳೂ ಇಷ್ಟೇ ಅಪಾಯ. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ತೂತು ಮಾಡುತ್ತವೆ.

ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತುಗಳಿಗೆ ಒಂದು ಸುಲಭ ಅಳತೆ ಇದೆ. ಟಾಯ್ಲೆಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆಯೊಳಗೆ ತೂರುವ ಆಟಿಕೆ ಮೂರು ವರ್ಷದೊಳಗಿನ ಮಗುವಿಗೆ ಬೇಡ. ಇಡೀ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ಇಡಿಯಾದ ಕಡಲೆಕಾಯಿ ಬೀಜ, ಬಾದಾಮಿ, ಗಟ್ಟಿ ಮಿಠಾಯಿ ಐದು ವರ್ಷದವರೆಗೆ ಕೊಡಬೇಡಿ. ತಿನ್ನುವಾಗ ಕೂತಿರಲಿ, ಓಡಾಡುವುದು ಬೇಡ. ಒಡೆದ ಬಲೂನಿನ ಚೂರುಗಳನ್ನು ಒಂದೂ ಬಿಡದೆ ಹೆಕ್ಕಿ.

ಔಷಧಿ ವಿಷಯದಲ್ಲಿ ದೊಡ್ಡ ತಪ್ಪು ‘ಮುಚ್ಚಳ ಮಕ್ಕಳಿಗೆ ತೆಗೆಯಕ್ಕೆ ಬರಲ್ಲ’ ಅನ್ನುವ ಧೈರ್ಯ. ಅಮೆರಿಕದ ನಿಯಮದಲ್ಲಿ 42ರಿಂದ 51 ತಿಂಗಳ ಮಕ್ಕಳಿಗೆ ಡಬ್ಬಿ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಹತ್ತು ನಿಮಿಷದಲ್ಲಿ ಶೇಕಡ 80 ಮಕ್ಕಳಿಗೆ ತೆರೆಯಲಾಗದಿದ್ದರೆ ಮುಚ್ಚಳ ಪಾಸು. ಅಂದರೆ ಐದರಲ್ಲಿ ಒಂದು ಮಗು ತೆರೆದರೂ ಅದು ‘ಸುರಕ್ಷಿತ’ ಮುಚ್ಚಳವೇ. ಹಾಗಾಗಿ ಔಷಧಿಗೆ ಬೀಗ ಇರುವ ಎತ್ತರದ ಕಪಾಟೇ ಆಗಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳು ಒಂದೆರಡು ಹೋದರೂ ಪುಟ್ಟ ಮಗುವಿಗೆ ಅಪಾಯ. ಮಗುವಿಗೆ ಔಷಧಿ ಕುಡಿಸಲು ‘ಇದು ಚಾಕೊಲೇಟ್’ ಅನ್ನಬೇಡಿ. ಫಿನೈಲ್, ಆಸಿಡ್, ಸೀಮೆಎಣ್ಣೆ, ಇಲಿ ಪಾಷಾಣ ತಂದ ಡಬ್ಬಿಯಲ್ಲೇ ಇರಲಿ. ಕುಡಿಯುವ ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಯಾವ ಕಾರಣಕ್ಕೂ ಸುರಿಯಬೇಡಿ. ಮಗು ಬಾಟಲಿಯನ್ನು ಗುರುತಿಸುತ್ತದೆ, ಒಳಗಿರುವುದನ್ನಲ್ಲ.

ಏಳನೇ ಹೆಜ್ಜೆ: ಎತ್ತರ

ಬೀಳುವುದು ಎಲ್ಲಕ್ಕಿಂತ ಸಾಮಾನ್ಯ. ಬಹುಪಾಲು ಸಲ ಒಂದು ಬುಗುಟು, ಹತ್ತು ನಿಮಿಷದ ಅಳು, ಅಷ್ಟಕ್ಕೇ ಮುಗಿಯುತ್ತದೆ. ಎಲ್ಲ ಬೀಳುವಿಕೆಯನ್ನೂ ತಡೆಯಲು ಹೋದರೆ ಮಗು ನಡೆಯುವುದನ್ನೇ ಕಲಿಯುವುದಿಲ್ಲ. ತಡೆಯಬೇಕಾದದ್ದು ಮೂರು: ಕಿಟಕಿ ಮತ್ತು ಬಾಲ್ಕನಿ, ಮೆಟ್ಟಿಲು, ಮೈಮೇಲೆ ಮಗುಚುವ ಸಾಮಾನು.

ನ್ಯೂಯಾರ್ಕ್ ನಗರದಲ್ಲಿ ಕಿಟಕಿಯಿಂದ ಬಿದ್ದು ಮಕ್ಕಳು ಸಾಯುವುದು ಜಾಸ್ತಿಯಾದಾಗ 1972ರಲ್ಲಿ ಆರೋಗ್ಯ ಇಲಾಖೆ ಮನೆಗಳಿಗೆ ಕಿಟಕಿ ಸರಳು ಹಂಚಲು ಶುರು ಮಾಡಿತು. ಸಾವು ಕಡಿಮೆಯಾದವು. 1976ರಲ್ಲಿ ಪುಟ್ಟ ಮಕ್ಕಳಿರುವ ಬಾಡಿಗೆ ಮನೆಗಳಿಗೆ ಅದು ಕಡ್ಡಾಯವಾಯಿತು. ಸರಳುಗಳ ನಡುವೆ 10 ಸೆಂಟಿಮೀಟರ್‌ಗಿಂತ ಜಾಸ್ತಿ ಸಂದು ಇರಬಾರದು. ಸೊಳ್ಳೆ ಪರದೆ ಮಗುವಿನ ಭಾರ ತಡೆಯುವುದಿಲ್ಲ. ಕಿಟಕಿ, ಬಾಲ್ಕನಿಯ ಹತ್ತಿರ ಕುರ್ಚಿ, ಮಂಚ, ಹೂಕುಂಡ, ಹತ್ತಲು ಆಗುವಂಥದ್ದೇನೂ ಬೇಡ.

ಮೆಟ್ಟಿಲಿನ ಮೇಲೂ ಕೆಳಗೂ ಗೇಟು ಬೇಕು. ಮೇಲಿನದು ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ್ದೇ ಆಗಬೇಕು, ಒತ್ತಿ ನಿಲ್ಲಿಸುವ ಗೇಟು ಮಗುವಿನ ಜೊತೆಗೇ ಉರುಳಬಹುದು. ಚಕ್ರದ ವಾಕರ್ ಬೇಡವೇ ಬೇಡ. ಮಗು ಬೇಗ ನಡೆಯಲು ಅದು ಸಹಾಯ ಮಾಡುವುದಿಲ್ಲ, ಮೆಟ್ಟಿಲಿನ ಅಂಚಿಗೆ, ಒಲೆಯ ಹತ್ತಿರಕ್ಕೆ ಬೇಗ ಒಯ್ಯುತ್ತದೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಬೀರು, ಪುಸ್ತಕದ ಕಪಾಟು, ದೊಡ್ಡ ಟಿವಿ ಇವನ್ನು ಗೋಡೆಗೆ ಬಿಗಿಯಿರಿ. ಡ್ರಾಯರ್‌ಗಳನ್ನು ಎಳೆದರೆ ಅದು ಮಗುವಿಗೆ ಏಣಿ.

ಉಳಿದವನ್ನು ಬೇಗ ಹೇಳುತ್ತೇನೆ. ಪ್ಲಗ್ ಪಾಯಿಂಟ್‌ಗಳಿಗೆ ಮುಚ್ಚಳ ಹಾಕಿ, ವಿದ್ಯುತ್ ಸೋರಿದರೆ ತಾನೇ ಆರುವ ಬ್ರೇಕರ್ ಕೂರಿಸಿ. ಕಿಟಕಿ ಪರದೆಯ ಜೋತು ಬಿದ್ದ ಹಗ್ಗವನ್ನು ಮೇಲಕ್ಕೆ ಕಟ್ಟಿ, ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಪ್ಲಾಸ್ಟಿಕ್ ಚೀಲಕ್ಕೆ ಗಂಟು ಹಾಕಿಡಿ. ಹಸುಗೂಸನ್ನು ಅಂಗಾತ, ಗಟ್ಟಿ ಹಾಸಿಗೆಯ ಮೇಲೆ, ದಿಂಬು ಗೊಂಬೆ ಇಲ್ಲದೆ ಮಲಗಿಸಿ.

ಎಂಟನೇ ಹೆಜ್ಜೆ: ಬೇರೆಯವರ ಮನೆ, ಬೇರೆಯವರ ಬ್ಯಾಗು

ನಿಮ್ಮ ಮನೆಯನ್ನು ಎಷ್ಟು ಸರಿಮಾಡಿದರೂ ನೆಂಟರ ಬ್ಯಾಗು ನೆಲದ ಮೇಲೆ ಬಂದು ಕೂರುತ್ತದೆ. ಅದರಲ್ಲಿ ಗುಳಿಗೆ, ಬ್ಲೇಡು, ನಾಣ್ಯ. ಬಂದವರ ಬ್ಯಾಗನ್ನು ಎತ್ತರದಲ್ಲಿಡುವುದು ನಮ್ಮ ಮನೆಯಲ್ಲಿ ಈಗ ನೀರು ಕೊಡುವಷ್ಟೇ ಸಹಜ. ಬೇರೆಯವರ ಮನೆಗೆ ಹೋದಾಗ ಮಗುವನ್ನು ಕೆಳಗಿಳಿಸುವ ಮೊದಲು ಒಂದು ಸುತ್ತು ಕಣ್ಣಾಡಿಸಿ. ಸಂಕೋಚ ಬೇಡ, ಮಕ್ಕಳನ್ನು ಸಾಕಿದವರು ಯಾರೂ ತಪ್ಪು ತಿಳಿಯುವುದಿಲ್ಲ.

ಒಂಬತ್ತನೇ ಹೆಜ್ಜೆ: ಏನಾದರೂ ಆದರೆ

ಸುಟ್ಟರೆ: ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ. ಗಡಿಯಾರ ನೋಡಿಕೊಳ್ಳಿ, ಇಲ್ಲದಿದ್ದರೆ ಎರಡೇ ನಿಮಿಷಕ್ಕೆ ಸಾಕು ಅನ್ನಿಸುತ್ತದೆ. ಬಟ್ಟೆ ತೆಗೆಯಿರಿ, ಚರ್ಮಕ್ಕೆ ಅಂಟಿದ್ದರೆ ಎಳೆಯಬೇಡಿ. ಐಸ್, ಬೆಣ್ಣೆ, ಟೂತ್‌ಪೇಸ್ಟ್, ಶಾಯಿ ಏನೂ ಹಚ್ಚಬೇಡಿ. ಮುಖ, ಕೈ, ಪಾದ, ಗುಪ್ತಾಂಗ ಸುಟ್ಟಿದ್ದರೆ, ಗುಳ್ಳೆ ಎದ್ದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಗಂಟಲಲ್ಲಿ ಸಿಕ್ಕಿಕೊಂಡರೆ: ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಬರುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಅಂದರೆ, ವರ್ಷದೊಳಗಿನ ಮಗುವನ್ನು ತಲೆ ಕೆಳಗಾಗಿ ಮುಂಗೈ ಮೇಲೆ ಬೋರಲು ಮಲಗಿಸಿ ಹೆಗಲೆಲುಬುಗಳ ನಡುವೆ ಐದು ಏಟು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಸಲ ಒತ್ತಿ. ವರ್ಷ ದಾಟಿದ ಮಗುವಿಗೆ ಬೆನ್ನಿಗೆ ಐದು ಏಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಸಲ ಎಳೆದು ಒತ್ತುವುದು. ವಸ್ತು ಕಣ್ಣಿಗೆ ಕಾಣದೆ ಬಾಯಿಗೆ ಬೆರಳು ಹಾಕಿ ತಡಕಾಡಬೇಡಿ, ಇನ್ನೂ ಒಳಗೆ ಹೋಗುತ್ತದೆ. ಇನ್ನೊಬ್ಬರು ಆ ಹೊತ್ತಿಗೆ ಆಂಬುಲೆನ್ಸ್‌ಗೆ ಫೋನ್ ಮಾಡಲಿ. ಇದನ್ನೂ, ಉಸಿರು ನಿಂತ ಮಗುವಿಗೆ ಉಸಿರು ಕೊಟ್ಟು ಎದೆ ಒತ್ತುವುದನ್ನೂ ಓದಿ ಕಲಿಯುವುದು ಕಷ್ಟ. ಪ್ರಥಮ ಚಿಕಿತ್ಸೆಯ ತರಬೇತಿ ಎಲ್ಲಿ ಸಿಕ್ಕರೂ ಹೋಗಿ ಗೊಂಬೆಯ ಮೇಲೆ ಮಾಡಿ ನೋಡಿ.

ತಲೆಗೆ ಏಟು ಬಿದ್ದು ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು ಬಂದರೆ ತಡ ಮಾಡದೆ ಆಸ್ಪತ್ರೆಗೆ. ವಿಷ ಅಥವಾ ಔಷಧಿ ನುಂಗಿದರೆ ವಾಂತಿ ಮಾಡಿಸಬೇಡಿ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಡಬ್ಬಿ, ಬಾಟಲಿ, ಗುಳಿಗೆಯ ಪಟ್ಟಿ ಏನು ಸಿಕ್ಕರೂ ಜೊತೆಗೆ ಒಯ್ಯಿರಿ, ಎಷ್ಟು ಹೊತ್ತಿಗೆ ಆಯಿತು ಅಂತ ಹೇಳಿ.

ಇನ್ನೊಂದು ಕೆಲಸ ಇದೆ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ‘ಸ್ವಲ್ಪದರಲ್ಲಿ ತಪ್ಪಿದ್ದು’ ಬರೆದಿಡುತ್ತೇವೆ. ‘ಡ್ರಾಯರ್ ಹತ್ತಿದಳು.’ ‘ಗೇಟಿನ ಚಿಲಕ ತೆಗೆಯಲು ಕಲಿತಳು.’ ಬರೆದ ದಿನವೇ ಅದಕ್ಕೆ ಏನಾದರೂ ಮಾಡಬೇಕು ಅನ್ನುವುದು ಒಪ್ಪಂದ. ಹೋದ ವಾರದ ಸಾಲು ಹೀಗಿದೆ: ‘ಸ್ಟೂಲು ಎಳೆದುಕೊಂಡು ಬಂದು ಒಲೆಯ ಕಟ್ಟೆ ನೋಡಿದಳು.’ ಸ್ಟೂಲು ಈಗ ಬೀಗ ಹಾಕಿದ ಕೋಣೆಯಲ್ಲಿದೆ.